ಮಾವನವರ ಎಡಗೈ

ನಾನು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೆರಡು ವರ್ಷ ಎಲೆಕ್ಟ್ರಿಕಲ್ ಪಾಠ ಹೇಳಿ ನಿವೃತ್ತನಾದವನು. ನನ್ನ ಕೈಕೆಳಗೆ ಕಲಿತ ಹುಡುಗರು ಇವತ್ತು ಅರ್ಧ ಕರ್ನಾಟಕಕ್ಕೆ ಬೆಳಕು ಕೊಡುತ್ತಿದ್ದಾರೆ. ಉಳಿದರ್ಧದಲ್ಲಿ ಕರೆಂಟು ಯಾಕೆ ಹೋಗುತ್ತದೆ ಎಂದು ಮಾತ್ರ ನನ್ನನ್ನು ಕೇಳಬಾರದು! ಅಂಥ ನಾನು ಈ ಸಲದ ಯುಗಾದಿಯ ದಿನ, ಬಾಯಲ್ಲಿ ಬೇವು-ಬೆಲ್ಲ ಇರುವಾಗಲೇ, ಹುಬ್ಬಳ್ಳಿ ದೇಶಪಾಂಡೆ ನಗರದ ನಮ್ಮ ಮನೆಯ ಪಡಸಾಲೆಯ ನಟ್ಟನಡುವೆ ನಿಂತು ಒಂದು ಪ್ರತಿಜ್ಞೆ ಮಾಡಿದೆ.

"ನಿರುಪಮಾ, ನಿಮ್ಮಪ್ಪನ ಎಡಗೈ ನಾ ವಾಪಸ್ ತಂದು ಕೊಡತೇನಿ."

ಬೇರೆ ಮನೆಯ ಹೆಂಡತಿಯಾಗಿದ್ದರೆ ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡುತ್ತಿದ್ದಳು. ನನ್ನ ಹೆಂಡತಿ ಬೇವಿನ ಬಟ್ಟಲು ಕೆಳಗಿಟ್ಟು, "ಖರೇನ?" ಎಂದಳು. ಮೂವತ್ತು ವರ್ಷದಲ್ಲಿ ನಾನು ನೂರಾರು ಪ್ರತಿಜ್ಞೆ ಮಾಡಿದ್ದೇನೆ. ಅವಳು ಒಂದಕ್ಕೂ ಹೀಗೆ ಬಟ್ಟಲು ಕೆಳಗಿಟ್ಟು ಕೇಳಿದ್ದಿಲ್ಲ. ಆ ಕ್ಷಣಕ್ಕೇ ನಾನು ಸ್ವಲ್ಪ ಹೆದರಬೇಕಿತ್ತು.

ಸಂಗತಿ ಹೀಗಿದೆ. ನನ್ನ ಮಾವ ಬಿಂದುಮಾಧವ ಮಾಸ್ತರರು ಧಾರವಾಡದ ಒಂದು ಸಾಲೆಯಲ್ಲಿ ಹಗಲು ಗಣಿತ ಕಲಿಸುತ್ತಿದ್ದರು, ಸಂಜೆ ಮನೆಯಲ್ಲಿ ತಬಲಾ ಬಾರಿಸುತ್ತಿದ್ದರು. ಎರಡರಲ್ಲೂ ಲೆಕ್ಕ ತಪ್ಪಿದ್ದಿಲ್ಲ. ಅವರು ತೀರಿಕೊಂಡು ಹದಿನೈದು ವರ್ಷವಾಯಿತು. ಯಂತ್ರಗಳ ಮುಂದೆ ಬಾರಿಸುವುದು ಅವರಿಗೆ ಸೇರುತ್ತಿರಲಿಲ್ಲ. ಹಾಗಾಗಿ ಅವರ ಕೈ ಉಳಿದಿರುವುದು ಜಗತ್ತಿನಲ್ಲಿ ಒಂದೇ ಕಡೆ, ಒಂದು ಕ್ಯಾಸೆಟ್ಟಿನಲ್ಲಿ. ಆ ಕ್ಯಾಸೆಟ್ಟು ಇರುವುದು ನನ್ನಿಂದ! ಮದುವೆಯಾದ ವರ್ಷ ಮೊದಲ ದೀಪಾವಳಿಗೆ ಮಾವನ ಮನೆಗೆ ಹೋದಾಗ, ಕಾಲೇಜಿನ ಟೇಪ್ ರೆಕಾರ್ಡರು, ಮೈಕು ಎರಡನ್ನೂ ಹೊತ್ತುಕೊಂಡು ಹೋಗಿ, ಮನೆಯ ಬೈಠಕ್ಕಿನಲ್ಲಿ ಅವರು ಬಾರಿಸಿದ ಒಂದು ತಾಸಿನ ಸೋಲೊವನ್ನು ನಾನೇ ಸ್ವಹಸ್ತದಿಂದ ರೆಕಾರ್ಡ್ ಮಾಡಿದೆ. ಅಂದಿನಿಂದ ಇಂದಿನವರೆಗೆ ಹೆಂಡತಿಯ ತವರಿನಲ್ಲಿ ನನಗಿರುವ ಮಾನ ಅದೊಂದೇ. ಲಗ್ನ, ಮುಂಜಿವೆ ಎಲ್ಲಿ ಸೇರಿದರೂ ಯಾರಾದರೊಬ್ಬರು, ವಿಜಯೀಂದ್ರರಾಯರು ಇಲ್ಲದಿದ್ದರೆ ಮಾಸ್ತರರ ತಬಲಾ ನಮಗೆ ಉಳಿಯುತ್ತಲೇ ಇರಲಿಲ್ಲ ಎನ್ನುತ್ತಾರೆ. ನಾನು ವಾಕ್ಯ ಪೂರ್ತಿ ಮುಗಿಯುವತನಕ ಕಾದು, ಆಮೇಲೆ ವಿನಯದಿಂದ ತಲೆ ತಗ್ಗಿಸುತ್ತೇನೆ.

ಆ ಕ್ಯಾಸೆಟ್ಟಿನ ಒಂದು ತುಣುಕನ್ನು ನಿರುಪಮಾಳ ತಮ್ಮ ಪ್ರಸಾದ ಎಂದೋ ಫೋನಿಗೆ ಇಳಿಸಿಕೊಟ್ಟಿದ್ದ. ನಡುವಿನ ಹತ್ತು ನಿಮಿಷ. ಕ್ಯಾಸೆಟ್ಟನ್ನು ಜೋಪಾನವಾಗಿರಲೆಂದು ಪೆಟ್ಟಿಗೆಯಲ್ಲಿಟ್ಟಿದ್ದೆವು, ಮೊದಲಿನಿಂದ ಹಚ್ಚಿ ಕೇಳಿದವರು ಯಾರೂ ಇರಲಿಲ್ಲ. ಅದನ್ನು ಹಚ್ಚಿದಾಗೆಲ್ಲ ನನ್ನ ಹೆಂಡತಿ ಒಂದೇ ಮಾತು ಹೇಳುತ್ತಿದ್ದಳು:

"ಅಪ್ಪನ ಬಲಗೈ ಅಷ್ಟ ಕೇಳತದ. ಎಡಗೈ ಎಲ್ಲಿ ಹೋತು?"

ಬಲಗೈಯದು ತಬಲಾ, ಸಣ್ಣ ಕಂಠ. ಎಡಗೈಯದು ಡಗ್ಗಾ, ಹೊಟ್ಟೆ ಇರುವ ದೊಡ್ಡ ಕಂಠ. ಮಾವನವರ ಹೆಸರಿದ್ದದ್ದು ಎಡಗೈಗೆ. ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಒಂದಿಷ್ಟು ಜಾರಿಸಿದರೆ ಡಗ್ಗಾ ಮನುಷ್ಯರಂತೆ "ಹೂಂ?" ಎಂದು ಕೇಳುತ್ತಿತ್ತಂತೆ. ಚಿಕ್ಕವಳಿದ್ದಾಗ ನಿರುಪಮಾ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದಳಂತೆ. ಹತ್ತನೆಯ ಇಯತ್ತೆಯ ತನಕ ಅಪ್ಪನ ಎಡಕ್ಕೆ ಕೂತು ತಾನೂ ಕಲಿತಳು. ಆಮೇಲೆ ಅವಳ ಅಜ್ಜಿ, ಹುಡುಗಿಯ ಕೈ ಬಿರುಸಾಗುತ್ತದೆ ಎಂದು ಬಿಡಿಸಿದರು. ಫೋನಿನಲ್ಲಿ, ಟಿವಿಯಲ್ಲಿ, ಕಾರಿನಲ್ಲಿ, ಎಲ್ಲಿ ಹಚ್ಚಿದರೂ ಆ "ಹೂಂ" ಬರುತ್ತಿರಲಿಲ್ಲ. ಬರೇ ಟಿಣಿಟಿಣಿ.

ಜೂನ್ ಕೊನೆಗೆ ಮಾವನವರು ಹುಟ್ಟಿ ನೂರು ವರ್ಷ ತುಂಬುತ್ತಿತ್ತು. ಆ ದಿನ ಒಮ್ಮೆ ಅಪ್ಪನ ಎರಡೂ ಕೈ ಕೇಳಬೇಕು ಎಂಬುದು ಅವಳ ಆಸೆ. ಅವಳು ಅದನ್ನು ಆಸೆ ಎಂದು ಹೇಳಿದವಳಲ್ಲ. ಫೋನು ಬಂದ್ ಮಾಡಿ ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದಳು. ಅದನ್ನು ನೋಡಿ ನೋಡಿಯೇ ನನ್ನೊಳಗಿನ ಇಂಜಿನಿಯರು ಎದ್ದು ನಿಂತದ್ದು.

ನನ್ನ ರೋಗನಿರ್ಣಯ ಸ್ಪಷ್ಟವಿತ್ತು. ಸಣ್ಣ ಸ್ಪೀಕರಿಗೆ ದಪ್ಪ ದನಿ ಹೊರಡಿಸುವ ಎದೆಯೇ ಇರುವುದಿಲ್ಲ. "ಸಣ್ಣ ಬಾಯಿಂದ ದೊಡ್ಡ ಮಾತು ಬರೂದಿಲ್ಲ, ನಿರುಪಮಾ," ಎಂದೆ.

"ಬರತದ ಬಿಡ್ರಿ. ನಾ ದಿನಾ ಕೇಳತೇನಿ," ಎಂದಳು.

ಔಷಧವೂ ಸ್ಪಷ್ಟವಿತ್ತು: ಹೋಮ್ ಥಿಯೇಟರು, ಅದರ ಜೊತೆಗೆ ದಪ್ಪ ದನಿಗೆಂದೇ ಇರುವ ದೊಡ್ಡ ಡಬ್ಬಿ, ಸಬ್‌ವೂಫರು. ಹಳೇ ಹುಬ್ಬಳ್ಳಿಯಲ್ಲಿ ಖಾದರಬಾಷಾ ಅವರ ಅಂಗಡಿ ಇದೆ. ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡು ಬಂದ ಮನುಷ್ಯ. ಈಗ ಈ ಹೊಸ ಡಬ್ಬಿಗಳನ್ನೂ ತರಿಸಿಕೊಡುತ್ತಾರೆ. ಕ್ಯಾಸೆಟ್ಟನ್ನೂ ಅವರ ಕೈಗೇ ಕೊಟ್ಟೆ. ಅದಕ್ಕೆ ಬೂಷ್ಟು ಹಿಡಿದಿತ್ತು, ರಿಬ್ಬನ್ನು ಅಂಟಿಕೊಂಡಿತ್ತು. ನಿಧಾನವಾಗಿ ಬಿಡಿಸಿ, ಒರೆಸಿ, ಮೊದಲಿನಿಂದ ಕೊನೆಯತನಕ ಪೂರ್ತಿ ಪೆನ್ ಡ್ರೈವಿಗೆ ಇಳಿಸಿಕೊಡುತ್ತೇನೆ, ತಿಂಗಳು ಎರಡು ತಿಂಗಳಾದರೂ ಆಗಬಹುದು ಎಂದರು. ಆಮೇಲೆ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, ಡಗ್ಗಾ ಇದರಲ್ಲಿ ಸರಿಯಾಗಿ ಬಿದ್ದಿದೆಯೇ ಎಂದು ಕೇಳಿದರು.

ನನಗೆ ನಗು ಬಂತು. ಖಾದರಬಾಷಾ ನಗಲಿಲ್ಲ.

"ಸರ್, ಈ ಡಬ್ಬಿ ಇದ್ದದ್ದು ಕೇಳಸತೈತ್ರಿ. ಇಲ್ಲದ್ದು ಹುಟ್ಟಸೂದಿಲ್ಲ."

"ಖಾದರಬಾಷಾ, ಅದನ್ನ ರೆಕಾರ್ಡ್ ಮಾಡಿದಾವ ನಾನ," ಎಂದೆ. ಅಲ್ಲಿಗೆ ಚರ್ಚೆ ಮುಗಿಯಿತು. ನಾನು ಮುಗಿಸಿದೆ.

ಮೇ ತಿಂಗಳಿನಲ್ಲಿ ಡಬ್ಬಿ ಬಂತು. ಹೆಚ್ಚುಕಡಿಮೆ ಜೋಳದ ಕಣಜದಷ್ಟಿತ್ತು! ಇಬ್ಬರು ಹೊತ್ತು ತಂದರು. ಇದು ಎಲ್ಲಿ ಇರುತ್ತದೆ ಎಂದು ನಿರುಪಮಾ ಕೇಳಿದಳು. ಅದೇ ವಿಜ್ಞಾನ ಎಂದು ನಾನು ಪಾಠ ಶುರುಮಾಡಿದೆ. ಎಂಬತ್ತು ಹರ್ಟ್ಸ್ ಎಂಬಲ್ಲಿ ಒಂದು ಗೆರೆ ಎಳೆಯಬೇಕು. ಗೆರೆಯ ಕೆಳಗಿನ ದಪ್ಪ ದನಿಗಳೆಲ್ಲ ಈ ಡಬ್ಬಿಗೆ, ಮೇಲಿನ ಸಣ್ಣ ದನಿಗಳೆಲ್ಲ ಉಳಿದ ಸ್ಪೀಕರುಗಳಿಗೆ. ಯಾರ ಕೆಲಸ ಯಾರು ಮಾಡಬೇಕು ಎಂದು ಹಂಚಿಕೊಡುವುದಕ್ಕೆ ಬೇಸ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ.

"ನಮ್ಮ ಮನ್ಯಾಗ ಅದು ಮೊದಲಿಂದನೂ ಅದ," ಎಂದಳು. "ದಪ್ಪ ಕೆಲಸೆಲ್ಲಾ ನನ್ನ ಕಡೆ, ದನಿ ಎಲ್ಲಾ ನಿಮ್ಮ ಕಡೆ."

ಡಬ್ಬಿಯ ಜಾಗ ಹುಡುಕುವುದಕ್ಕೆ ಶಾಸ್ತ್ರೋಕ್ತ ವಿಧಾನವೊಂದಿದೆ. ನಾವು ಕೂತು ಕೇಳುವ ಜಾಗದಲ್ಲಿ ಡಬ್ಬಿಯನ್ನು ಕೂಡಿಸಬೇಕು. ಅದು ಒಂದೇ ಸಮ ಗುಂಯ್‌ಗುಡುತ್ತಿರಬೇಕು. ನಾವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯ ಗುಂಟ ಹೋಗುತ್ತ ಎಲ್ಲಿ ದನಿ ದುಂಡಗೆ, ತುಂಬಿಕೊಂಡು ಕೇಳುತ್ತದೋ ಅಲ್ಲಿ ಗುರುತು ಹಾಕಬೇಕು. ಕಡೆಗೆ ಡಬ್ಬಿ ಅಲ್ಲಿಗೆ, ನಾವು ಸೋಫಾಕ್ಕೆ. ಇದನ್ನು ನಾನು ಶ್ರದ್ಧೆಯಿಂದ ಮಾಡಿದೆ. ಡಬ್ಬಿ ಸೋಫಾದ ಮೇಲೆ ಬೀಗರಂತೆ ಕೂತಿತ್ತು. ಮನೆಯ ಅರವತ್ತು ವರ್ಷದ ಯಜಮಾನ ಪಟ್ಟಾಪಟ್ಟಿ ಚಡ್ಡಿಯಲ್ಲಿ ಅದರ ಸುತ್ತ ಅಂಬೆಗಾಲಲ್ಲಿ ಸುತ್ತುತ್ತಿದ್ದ. ಮೂರನೆಯ ಸುತ್ತಿನಲ್ಲಿ, ಪಕ್ಕದ ಮನೆಯ ನಾಗರತ್ನಕ್ಕ ಹೋಳಿಗೆಯ ಡಬ್ಬಿ ವಾಪಸು ಕೊಡಲು ಬಂದವರು ಬಾಗಿಲಲ್ಲೇ ನಿಂತರು. ಒಂದಷ್ಟು ಹೊತ್ತು ಭಕ್ತಿಯಿಂದ ನೋಡಿದರು.

"ಅಕ್ಕಾರ, ಸರ್ ಏನರ ಹರಕಿ ಹೊತ್ತಾರೇನ್ರಿ?"

"ಹೂಂನ್ರಿ," ಎಂದಳು ನನ್ನ ಹೆಂಡತಿ. "ದೇವರು ಸೋಫಾದ ಮ್ಯಾಲೆ ಕೂತದ ನೋಡ್ರಿ."

ಹರಕೆ ಫಲಿಸಿತು. ಕಿಟಕಿಯ ಎಡಗಡೆಯ ಮೂಲೆಗೆ ಬಂದಾಗ ದನಿ ಇದ್ದಕ್ಕಿದ್ದಂತೆ ಎದೆಗೆ ಬಂದು ತಾಗಿತು. ಸರಿಯಾದ ಜಾಗ ಅದೇ. ಆದರೆ ಆ ಜಾಗದಲ್ಲಿ ಮೊದಲೇ ಒಬ್ಬರು ಕೂತಿದ್ದರು: ಮಾವನವರ ಡಗ್ಗಾ.

ಮಾವನವರು ಹೋಗುವ ಮೊದಲು ತಮ್ಮ ಜೋಡಿಯನ್ನು ಹಂಚಿದ್ದರು. ತಬಲಾ ಮೆಚ್ಚಿನ ಶಿಷ್ಯ ಕುಮಾರಸ್ವಾಮಿಗೆ, ಡಗ್ಗಾ ಮಗಳಿಗೆ. ಜೋಡಿಯನ್ನು ಯಾರಾದರೂ ಹೀಗೆ ಒಡೆಯುತ್ತಾರೆಯೇ ಎಂದು ನಾನಾಗ ಪ್ರಸಾದನ ಹತ್ತಿರ ಅಂದಿದ್ದೆ. ನಿರುಪಮಾ ಅದನ್ನು ಈ ಮನೆಗೆ ತಂದ ದಿನವೇ ಆ ಮೂಲೆಯಲ್ಲಿ ಸಿಂಬಿಯ ಮೇಲೆ ಕೂಡಿಸಿ, ಮೇಲೊಂದು ಖಣದ ಬಟ್ಟೆ ಹೊದಿಸಿದ್ದಳು. ಶುಕ್ರವಾರಕ್ಕೊಮ್ಮೆ ಒರೆಸುತ್ತಿದ್ದಳು. ನಾನು ವಿಜ್ಞಾನದ ಹೆಸರಿನಲ್ಲಿ ಅದನ್ನೆತ್ತಿ ಊಟದ ಮೇಜಿನ ಕೆಳಗಿಟ್ಟೆ, ಡಬ್ಬಿಯನ್ನು ಮೂಲೆಗೆ ತಂದೆ.

ಇನ್ನು ಎರಡನೆಯ ಅಧ್ಯಾಯ, ಮನೆಯಲ್ಲಿ ಅದುರಿ ಗಲಗಲ ಎನ್ನುವ ವಸ್ತುಗಳನ್ನು ಹುಡುಕುವುದು. ಫೋನಿನಿಂದ ಪರೀಕ್ಷೆಯ ದನಿ ಹಚ್ಚಿದೆ. ತೀರ ಕೆಳಗಿನ ದನಿಯಿಂದ ಹಿಡಿದು ಒಂದೊಂದೇ ಮೆಟ್ಟಿಲು ಮೇಲೇರುವ ದನಿ. ಅದು ಏರಿದಂತೆ ಮನೆಯಲ್ಲಿದ್ದ ಒಂದೊಂದು ವಸ್ತುವೂ ಎದ್ದು ಹಾಜರಿ ಹೇಳಿತು! ಶೋಕೇಸಿನ ಗಾಜು. ಕಿಟಕಿಯ ಚಿಲಕ. ಅಡುಗೆಮನೆಯಲ್ಲಿ ಸಾಲಾಗಿ ನಿಂತ ಸ್ಟೀಲಿನ ಡಬ್ಬಿಗಳು, ಮುಚ್ಚಳ ಸಮೇತ. ನನ್ನ ನಿವೃತ್ತಿಗೆ ಕೊಟ್ಟ ಸ್ಮರಣಿಕೆ. ನಾನು ಒಬ್ಬೊಬ್ಬರನ್ನೇ ಹಿಡಿದು, ಕಾಗದ ತುರುಕಿ, ಬಟ್ಟೆ ಸುತ್ತಿ, ಟೇಪು ಅಂಟಿಸಿ ಬಾಯಿ ಮುಚ್ಚಿಸಿದೆ. ಸಾಸಿವೆ ಡಬ್ಬಿಗೂ ಟೇಪು ಬಿತ್ತು. ಮೂರು ದಿನ ನಮ್ಮ ಮನೆಯ ಸಾರಿಗೆ ಒಗ್ಗರಣೆ ಇರಲಿಲ್ಲ.

ಎಲ್ಲರೂ ಸುಮ್ಮನಾದರು, ಒಬ್ಬರನ್ನು ಬಿಟ್ಟು. ದನಿ ಒಂದು ನಿರ್ದಿಷ್ಟ ಮೆಟ್ಟಿಲಿಗೆ ಬಂದೊಡನೆ ಎಲ್ಲಿಂದಲೋ ಇನ್ನೊಂದು ದನಿ ಮೆಲ್ಲಗೆ ಅದಕ್ಕೆ ಸೇರುತ್ತಿತ್ತು. ನಾನು ಬಂದ್ ಮಾಡಿದ ಮೇಲೂ ಅದು ಅರೆಕ್ಷಣ ಉಳಿಯುತ್ತಿತ್ತು. ಮತ್ತೆ ಅಂಬೆಗಾಲು. ಕಡೆಗೆ ಮೇಜಿನ ಕೆಳಗೆ ಕೈಯಿಟ್ಟರೆ ಸಿಕ್ಕಿತು. ಖಣದ ಬಟ್ಟೆಯ ಕೆಳಗೆ ಡಗ್ಗಾದ ಚರ್ಮ ನಡುಗುತ್ತಿತ್ತು.

"ಇದ ನೋಡು ಗದ್ಲಾ ಮಾಡಲಿಕತ್ತದ್ದು," ಎಂದೆ.

ನಿರುಪಮಾ ಬಂದು ಅದರ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ. "ಗದ್ಲಾ ಅಲ್ರಿ. ದನಿ ಕೂಡಸಲಿಕತ್ತದ."

ಕೂಡಿಸಿದರೂ ಅದು ಗದ್ದಲವೇ, ಅಳತೆ ಕೆಡುತ್ತದೆ, ನೂರನೆಯ ವರ್ಷದ ದಿನದವರೆಗೆ ಇದು ಅಟ್ಟದ ಮೇಲಿರಲಿ ಎಂದು ತೀರ್ಪು ಕೊಟ್ಟೆ. ಒಂದು ಕೌದಿಯಲ್ಲಿ ಬಿಗಿಯಾಗಿ ಸುತ್ತಿದೆ. ಅವಳು ನಾನು ಏರಿದ ಸ್ಟೂಲು ಅಲುಗಾಡದಂತೆ ಎರಡೂ ಕೈಯಿಂದ ಹಿಡಿದು ನಿಂತಳು. ಈಗ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಅವತ್ತು ಆಗಲಿಲ್ಲ. ಅವತ್ತು ನನಗೆ ಅಳತೆ ಸರಿಬಂದದ್ದೇ ದೊಡ್ಡದಾಗಿತ್ತು.

ಮುಂದಿನ ಒಂದು ತಿಂಗಳು ನಾನು ಸಿನಿಮಾಗಳ ಗುಡುಗು, ಹೆಲಿಕಾಪ್ಟರು, ಕಟ್ಟಡ ಉರುಳುವ ದೃಶ್ಯ ಇವುಗಳಲ್ಲೇ ಕಾಲ ಕಳೆದೆ. ಎಂಥ ಗುಡುಗು ಅಂತೀರಿ! ಒಮ್ಮೆ ನಾಗರತ್ನಕ್ಕ ಅಂಗಳದಲ್ಲಿ ಒಣಹಾಕಿದ ಶಾಂಡಿಗೆಯನ್ನೆಲ್ಲ ಓಡೋಡಿ ಒಳಗೆ ತಂದರು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ನಾನು ಅದನ್ನು ಪ್ರಮಾಣಪತ್ರ ಎಂದು ತಿಳಿದೆ.

ನೂರನೆಯ ವರ್ಷದ ಹಿಂದಿನ ದಿನ, ಶನಿವಾರ ಸಂಜೆ, ಖಾದರಬಾಷಾ ಪೆನ್ ಡ್ರೈವು ಹಿಡಿದುಕೊಂಡು ತಾವೇ ಮನೆತನಕ ಬಂದರು. ಚಹಾ ಬೇಡ ಎಂದರು. ಹೋಗುವಾಗ ಗೇಟಿನ ಹತ್ತಿರ ನಿಂತು, ಮಂದಿಯ ಮುಂದೆ ಹಚ್ಚುವ ಮೊದಲು ಒಮ್ಮೆ ನಾನೊಬ್ಬನೇ ಕೂತು ಕೇಳುವುದು ಒಳ್ಳೆಯದು ಎಂದು ಮೆಲ್ಲಗೆ ಹೇಳಿದರು. ಕಲಾರಸಿಕ, ಏಕಾಂತದಲ್ಲಿ ಸವಿಯಬೇಕೆನ್ನುತ್ತಾನೆ ಎಂದುಕೊಂಡೆ. ನಿರುಪಮಾ ಕೂಡ, ಒಮ್ಮೆ ಹಚ್ಚಿ ನೋಡೋಣ ಎಂದಳು. ಸಾಧ್ಯವೇ ಇಲ್ಲ, ಮೊದಲ ಸಲ ಎಲ್ಲರೂ ಕೂಡಿಯೇ ಕೇಳಬೇಕು ಎಂದೆ. ತೆರೆ ಎಳೆಯುವ ಕೆಲಸ ನನ್ನದಾಗಿರಬೇಕಿತ್ತಲ್ಲ!

ರವಿವಾರ ಬೆಳಿಗ್ಗೆ ಪ್ರಸಾದ ಹೆಂಡತಿಯ ಜೊತೆ ಸತ್ತೂರಿನಿಂದ ಬಂದ. ಉಣಕಲ್ಲಿನಿಂದ ಕುಮಾರಸ್ವಾಮಿ ಬಂದರು. ಅವರದು ಹತ್ತಿಯ ವ್ಯಾಪಾರ, ಆದರೂ ಕೂತಲ್ಲೆಲ್ಲ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಲೇ ಇರುತ್ತದೆ. ನಾಗರತ್ನಕ್ಕನೂ ಬಂದರು, ದೇವರು ಈಗ ಸೋಫಾ ಬಿಟ್ಟಿದೆಯೇ ಎಂದು ನೋಡಿಕೊಂಡು ಕೂತರು. ಮಾವನವರ ಫೋಟೋಕ್ಕೆ ಮಲ್ಲಿಗೆಯ ಹಾರ ಬಿತ್ತು. ಹಚ್ಚಿದ ಅವಲಕ್ಕಿ, ಚಹಾ ಆಯಿತು. ನಾನು ಎದ್ದು ನಿಂತು, ಎಂಬತ್ತರ ಗೆರೆಯಿಂದ ಹಿಡಿದು ಮೂಲೆಯ ಮಹತ್ವದವರೆಗೆ ಇಪ್ಪತ್ತು ನಿಮಿಷ ಮಾತಾಡಿದೆ. ಕಡೆಗೆ ಪ್ರಸಾದ, "ಭಾವಾ, ಇನ್ನ ಅಪ್ಪಂದು ಹಚ್ರಿ," ಎಂದ.

ನಿರುಪಮಾ ಸೋಫಾದಲ್ಲಿ, ನಾನು ಅಳೆದು ಗುರುತು ಹಾಕಿದ ಸರಿಯಾದ ಜಾಗದಲ್ಲಿ ಕೂತಿದ್ದಳು. ಕಣ್ಣು ಮುಚ್ಚಿಕೊಂಡಿದ್ದಳು. ನಾನು ಹಚ್ಚಿದೆ.

ಮೊದಲು ಟೇಪಿನ ಸುಂಯ್ ಎಂಬ ಸದ್ದು. ಆಮೇಲೆ ಜನ ಕೂತು ಮಾತಾಡುವ ಗುಸುಗುಸು, ಯಾರೋ ಬಟ್ಟಲು ಇಟ್ಟ ಸಪ್ಪಳ, ಒಂದು ಕೆಮ್ಮು. ಎಷ್ಟು ಸ್ಪಷ್ಟ! ಮೂವತ್ತು ವರ್ಷದ ಹಿಂದಿನ ಧಾರವಾಡದ ಮನೆ ನಮ್ಮ ಪಡಸಾಲೆಯಲ್ಲಿ ಬಂದು ಕೂತಿತ್ತು. ನಾನು ಸುತ್ತಲೂ ನೋಡಿ ಮೀಸೆಯ ಮೇಲೆ ಕೈಯಾಡಿಸಿದೆ. ಆಗ ಒಬ್ಬ ತರುಣನ ಗಂಟಲು, ಗಟ್ಟಿಯಾಗಿ, ಮೈಕಿನ ತೀರ ಹತ್ತಿರದಿಂದ ಕೇಳಿತು.

"ಮಾಮಾ, ಫ್ಯಾನಿನ ಗುಂಯ್ ಅನ್ನೂ ಸಪ್ಪಳ ಬರಬಾರದಂತ ಈ ಮೈಕಿನ ಬಟನ್ ಒತ್ತೇನಿ. ದಪ್ಪ ಸಪ್ಪಳ ಎಲ್ಲಾ ಇಲ್ಲೇ ಕಟ್ ಆಗತದ. ಕನ್ನಡಿಯಂಥಾ ರೆಕಾರ್ಡಿಂಗ್ ಬರತದ ನೋಡ್ರಿ."

ಆ ಗಂಟಲು ನನ್ನದು.

ನನ್ನ ಕೈ ಮೀಸೆಯ ಮೇಲೇ ನಿಂತಿತು. ಸ್ವಲ್ಪ ಹೊತ್ತು ಟೇಪು ಸುಂಯ್‌ಗುಟ್ಟಿತು. ಆಮೇಲೆ ಇನ್ನೊಂದು ದನಿ ಬಂತು, ದೂರದಿಂದ, ನಿಧಾನವಾಗಿ:

"ಅಳಿಯಂದ್ರ, ಡಗ್ಗಾ ಬರತದಲ್ಲಾ?"

"ಅದರ ಚಿಂತಿ ನನಗ ಬಿಡ್ರಿ, ಮಾಮಾ."

ಇಷ್ಟಕ್ಕೇ ಮುಗಿದಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ. ಒಂದು ಹೆಣ್ಣುದನಿ ನಡುವೆ ಬಾಯಿ ಹಾಕಿತು. ಹೊಸ ಮದುಮಗಳ ದನಿ.

"ಅಪ್ಪಾ, ಫ್ಯಾನ್ ಬಂದ್ ಮಾಡಿದ್ರ ಆಗತದಲ್ಲಾ?"

"ಸುಮ್ನಿರವಾ," ಎಂದರು ಮಾವನವರು, ದನಿ ತಗ್ಗಿಸಿ. ನನಗೆ ಕೇಳಿಸಬಾರದು ಎಂದು ತಗ್ಗಿಸಿದ ಆ ದನಿಯನ್ನು ನನ್ನ ಹೋಮ್ ಥಿಯೇಟರು ಅಕ್ಷರ ಬಿಡದೆ ಕೇಳಿಸಿತು. "ಮೊದಲನೇ ದೀಪಾವಳಿ. ಅಳಿಯಂದ್ರಿಗೆ ಹಂಗೆಲ್ಲಾ ಅನಬಾರದು."

ಆಮೇಲೆ ತಬಲಾ ಶುರುವಾಯಿತು. ಹೊಳೆಹೊಳೆವ ಬಲಗೈ. ಬಲಗೈ ಮಾತ್ರ. ಮೂಲೆಯಲ್ಲಿ ಕೂತ ನನ್ನ ಡಬ್ಬಿ ಹಸಿರು ದೀಪ ಹಚ್ಚಿಕೊಂಡು ಏನೂ ಕೆಲಸವಿಲ್ಲದೆ ಸುಮ್ಮನಿತ್ತು. ನಾನು ರಿಮೋಟಿನಿಂದ ಅದರ ದನಿ ಏರಿಸಿದೆ. ಇನ್ನೂ ಏರಿಸಿದೆ. ಇದ್ದರೆ ತಾನೆ ಬರುವುದು!

ಕುಮಾರಸ್ವಾಮಿ ಬಹಳ ಹೊತ್ತು ತಡೆದುಕೊಂಡರು. ಕಡೆಗೆ ಅವರ ಬೆರಳು ಮೊಣಕಾಲಿನ ಮೇಲೆ ನಿಂತಿತು. "ಸರ್, ಧಾ ಇಲ್ರಿ. ಎಲ್ಲಾ ತಾ ಅನ್ನಾಕತ್ತೈತಿ."

ಧಾ ಹುಟ್ಟಬೇಕಾದರೆ ಎರಡೂ ಕೈ ಕೂಡಬೇಕು. ಎಡಗೈ ಹೋದರೆ ಉಳಿಯುವುದು ತಾ. ಆ ಎಡಗೈಯನ್ನು ಫೋನು ನುಂಗಿತು, ಟಿವಿ ನುಂಗಿತು, ಕಾರು ನುಂಗಿತು ಎಂದು ಊರೆಲ್ಲ ಹುಡುಕಿದೆನಲ್ಲ. ನುಂಗಿದವನು ನಾನೇ. ಒಂದು ಬಟನ್ ಒತ್ತಿ, ಅದರ ಮೇಲೆ ಮೂವತ್ತು ವರ್ಷ ಶಹಬ್ಬಾಸ್‌ಗಿರಿ ತೆಗೆದುಕೊಂಡಿದ್ದೆ. ಗಣಿತದ ಮಾಸ್ತರರು, ತಬಲಜಿ, ಅವರಿಗೆ ಅಂದೇ ಸಂಶಯ ಬಂದಿತ್ತು. ಆದರೂ ಹಬ್ಬದ ಅಳಿಯನ ಮನಸ್ಸು ಮುರಿಯಬಾರದೆಂದು ತಮ್ಮ ಕೈಯನ್ನೇ ಬಿಟ್ಟುಕೊಟ್ಟರು. ಆಮೇಲೆ ಇನ್ನೂ ಹದಿನೈದು ವರ್ಷ ಬದುಕಿದ್ದರು. ಒಂದು ದಿನವೂ ಆ ಮಾತು ಎತ್ತಲಿಲ್ಲ.

ಬಂದ್ ಮಾಡಿದೆ. ಯಾರ ಮುಖವನ್ನೂ ನೋಡುವ ಧೈರ್ಯವಾಗಲಿಲ್ಲ. ನಿರುಪಮಾಳ ಮುಖವನ್ನಂತೂ ಇಲ್ಲವೇ ಇಲ್ಲ. ನೆಲ ನೋಡುತ್ತ, ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ.

"ಇನ್ನೊಮ್ಮೆ ಹಚ್ರಿ," ಎಂದಳು. "ಮೊದಲಿಂದ. ಅಪ್ಪ ಮಾತಾಡಲಿಕತ್ತಾನ."

ತಲೆಯೆತ್ತಿ ನೋಡಿದರೆ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಆಗ ನನಗೆ ಹೊಳೆಯಿತು. ಹದಿನೈದು ವರ್ಷದಲ್ಲಿ ಆ ಮನೆಯವರು ಯಾರೂ ಮಾವನವರ ಮಾತು ಕೇಳಿರಲಿಲ್ಲ. ಪ್ರಸಾದ ಇಳಿಸಿದ ತುಣುಕಿನಲ್ಲಿ ಬರೇ ತಬಲಾ ಇತ್ತು. ಅವರ ದನಿ ಉಳಿದಿದೆ ಎಂದು ಯಾರಿಗೂ ಗೊತ್ತೇ ಇರಲಿಲ್ಲ.

ಮತ್ತೆ ಹಚ್ಚಿದೆ. ಪ್ರಸಾದ ಕರವಸ್ತ್ರ ತೆಗೆದ. ಇನ್ನೊಮ್ಮೆ ಎಂದರು, ಹಚ್ಚಿದೆ. ಒಟ್ಟು ಐದು ಸಲ. ತೊಂದರೆ ಏನೆಂದರೆ, ಮಾವನವರ ದನಿ ಕೇಳಬೇಕೆಂದರೆ ಅದರ ಮೊದಲು ನನ್ನ ದನಿಯನ್ನೂ ಕೇಳಬೇಕಿತ್ತು! ಐದು ಸಲವೂ ಆ ತರುಣ ಬಟನ್ ಒತ್ತಿದ. ಐದು ಸಲವೂ ಕನ್ನಡಿಯಂಥ ರೆಕಾರ್ಡಿಂಗಿನ ಭರವಸೆ ಕೊಟ್ಟ. ಮೂರನೆಯ ಸಲಕ್ಕೆ ನಾಗರತ್ನಕ್ಕ ಸೆರಗು ಬಾಯಿಗೆ ಹಿಡಿದರು. ನಾಲ್ಕನೆಯ ಸಲಕ್ಕೆ ಎಲ್ಲರೂ ನಕ್ಕರು. ಐದನೆಯ ಸಲ ನಾನೂ ನಕ್ಕೆ, ಗತ್ಯಂತರವಿರಲಿಲ್ಲ.

ಆಮೇಲೆ ನಿರುಪಮಾ ಎದ್ದಳು. "ಸ್ಟೂಲ್ ತರ್ರಿ. ಡಗ್ಗಾ ಇಳಸ್ರಿ."

ಇಳಿಸಿದೆ. ಕೌದಿಯ ಗಂಟು ಬಿಚ್ಚಲು ಹೊತ್ತು ಹಿಡಿಯಿತು, ಅಷ್ಟು ಬಿಗಿಯಾಗಿ ಕಟ್ಟಿದ್ದೆ. ಅವಳು ಮೂಲೆಯ ಕಡೆ ನೋಡಿ, ಅದು ಮೊದಲು ಅಲ್ಲಿಯೇ ಇತ್ತಲ್ಲ ಎಂದಳು. ನಾನೂ ಪ್ರಸಾದನೂ ಕೂಡಿ ನನ್ನ ಜೋಳದ ಕಣಜವನ್ನು ಅಲ್ಲಿಂದ ಎಬ್ಬಿಸಿದೆವು. ಮೊಣಕಾಲು ತರಚಿಕೊಂಡು ಕಂಡುಹಿಡಿದ ಆ ಜಾಗದಲ್ಲಿ ಅವಳು ಸಿಂಬಿ ಇಟ್ಟು, ಡಗ್ಗಾ ಕೂಡಿಸಿ, ಕುಮಾರಸ್ವಾಮಿಯವರನ್ನು ಕರೆದಳು. ಅವರು ಬಂದು ಅಂಚು ತಟ್ಟಿ, ಕಿವಿಯಿಟ್ಟು, ಹಗ್ಗ ಬಿಗಿದು ಶ್ರುತಿ ಕೂಡಿಸಿಕೊಟ್ಟರು. ಆದರೆ ಬಾರಿಸಲು ಒಪ್ಪಲಿಲ್ಲ.

"ಬಲಗೈ ನನಗ ಕೊಟ್ರು, ಎಡಗೈ ನಿಮಗ ಕೊಟ್ರು. ನೀವ ಬಾರಸ್ರಿ ಅಕ್ಕಾರ."

ಅವಳು ಬಳೆ ಸರಿಸಿ ಕೂತಳು. ನಾನು ರೆಕಾರ್ಡಿಂಗನ್ನು ತಬಲಾ ಶುರುವಾಗುವಲ್ಲಿಗೆ ತಂದು ಹಚ್ಚಿದೆ. ತಾಳದ ಮೊದಲ ಒಂದೆರಡು ಆವರ್ತನ ಅವಳ ಕೈ ಹಿಂದೆ ಬಿತ್ತು. ಅವಳು ನಿಲ್ಲಿಸಿ, ತಲೆಯಲ್ಲಾಡಿಸಿ, ಮತ್ತೆ ಹಿಡಿದಳು. ನಲವತ್ತು ವರ್ಷವಾಗಿತ್ತು ಆ ಕೈ ಅದನ್ನು ಬಾರಿಸಿ. ನಾಲ್ಕನೆಯ ಆವರ್ತನದ ಮೊದಲ ಮಾತ್ರೆಗೆ ಸ್ಪೀಕರಿನಿಂದ ಅಪ್ಪನ ಬಲಗೈ ಬಂತು, ಮೂಲೆಯಿಂದ ಮಗಳ ಎಡಗೈ ಬಂತು. ಧಾ!

ಕುಮಾರಸ್ವಾಮಿ ಕಣ್ಣು ಮುಚ್ಚಿದರು. ಅವಳು ಅಂಗೈಯ ಬುಡ ಒತ್ತಿ ಮೆಲ್ಲಗೆ ಜಾರಿಸಿದಳು. ಡಗ್ಗಾ "ಹೂಂ?" ಎಂದು ಕೇಳಿತು. ಮೂವತ್ತು ವರ್ಷ ನಾನು ಈ ಹೆಂಗಸಿನ ಜೊತೆ ಸಂಸಾರ ಮಾಡಿದ್ದೇನೆ. ಅವಳ ಕೈ ಹೀಗೆ ಮಾತಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಎಂದೂ ಅನಿಸಿರಲಿಲ್ಲ.

ಇದು ಹೋಗಬಾರದು, ಇದನ್ನಾದರೂ ಉಳಿಸಿಕೊಳ್ಳಬೇಕು ಎಂದು ಕಿಸೆಯಿಂದ ಫೋನು ತೆಗೆದೆ. ರೆಕಾರ್ಡ್ ಮಾಡಲು ಹೋದರೆ ಫೋನು ಬಲು ಮರ್ಯಾದೆಯಿಂದ ಕೇಳಿತು: ಹಿನ್ನೆಲೆಯ ಸದ್ದು ತೆಗೆಯಬೇಕೆ? ತಲೆಯ ಮೇಲೆ ಫ್ಯಾನು ಗುಂಯ್‌ಗುಡುತ್ತಿತ್ತು. ನನ್ನ ಬೆರಳು ತಾನಾಗಿಯೇ ಆ ಕಡೆ ಹೊರಟಿತು.

ನಿರುಪಮಾ ಬಾರಿಸುವುದನ್ನು ನಿಲ್ಲಿಸಲಿಲ್ಲ. ತಲೆ ಕೂಡ ಎತ್ತಲಿಲ್ಲ.

"ಏನೂ ಒತ್ತಬ್ಯಾಡ್ರಿ," ಎಂದಳು. "ಫ್ಯಾನ್ ಅಷ್ಟ ಬಂದ್ ಮಾಡಿ ಕೂಡ್ರಿ."

ನಾನು ಎದ್ದು ಹೋಗಿ ಫ್ಯಾನು ಬಂದ್ ಮಾಡಿದೆ. ಮೂವತ್ತು ವರ್ಷ ತಡವಾಗಿ.